ಗೌಡಶಾನಿಯ ಮೊಣಕಾಲು

ಮೊನ್ನೆ ಸಿಂಧನೂರಿನ ಸಂತೆಯಲ್ಲಿ ಒಬ್ಬ ತಳ್ಳುಗಾಡಿಯ ಮೇಲೆ ಬೂಟುಗಳನ್ನು ರಾಶಿ ಹಾಕಿಕೊಂಡು ಕೂಗುತ್ತಿದ್ದ. ಬಿಳಿ ಬೂಟು, ಅಡಿಯಲ್ಲಿ ದಪ್ಪ ರಬ್ಬರು. ಬಿಸಿಲಿಗೆ ಆ ರಬ್ಬರು ಕಾದು ನಾರುತ್ತಿತ್ತು. ಅದು ಮೂಗಿಗೆ ಬಡಿದದ್ದೇ ತಡ, ಗೊರೇಬಾಳದ ಗೌಡರ ಹೆಂಡತಿ, ನಮ್ಮ ಗೌಡಶಾನಿ, ನೆನಪಾದಳು. ಕಣ್ಣೀರು ಬಂತೆಂದು ತಿಳಿಯಬೇಡಿ. ಸೆರಗಿನಿಂದ ಮೂಗು ಮುಚ್ಚಿಕೊಂಡು ಮುಂದೆ ಹೋದೆ. ಆದರೂ ಕಾಯಿಪಲ್ಲೆ ಕೊಳ್ಳುವಾಗ, ಬಸ್ಸಿಗೆ ಕಾಯುವಾಗ ಆ ನಾತ ಬಿಡಲಿಲ್ಲ. ಸತ್ತವರಿಗೆ ಬೇರೆ ಕೆಲಸವಿರುವುದಿಲ್ಲ...

ನನಗೆ ಬರೆಯಲು ಅಷ್ಟಾಗಿ ಬಾರದು. ಒತ್ತಕ್ಷರ ಬಂದಲ್ಲಿ ಕೈ ನಿಲ್ಲುತ್ತದೆ. ಆದರೆ ಸತ್ತವರ ಬಗ್ಗೆ ಎಲ್ಲರೂ ಸಕ್ಕರೆ ಹಚ್ಚಿ ಬರೆಯುತ್ತಾರೆ. ಈಕೆ ಸಕ್ಕರೆ ಬೇನೆಯಿಂದಲೇ ಹೋದವಳು. ನಾನು ಮತ್ತೆ ಹಚ್ಚುವುದಿಲ್ಲ.

ನಾನು ಗೌಡರ ಮನೆಯ ಕೆಲಸದವಳು. ಅಂಗಳದ ಕಸ, ಕೊಟ್ಟಿಗೆಯ ಸೆಗಣಿ, ಮುಸುರೆ ಪಾತ್ರೆ ನನ್ನ ಪಾಲು. ನಾಟಿಯ ಕಾಲಕ್ಕೆ ಗದ್ದೆ. ಊರಲ್ಲಿ ಯಾರಾದರೂ ಹಡೆದರೆ ಕೂಸಿಗೆ ನೀರು ಎರೆಯಲು, ಬಾಣಂತಿಯ ಮೈ ತಿಕ್ಕಲು ನನ್ನನ್ನೇ ಕರೆಯುತ್ತಿದ್ದರು. ಗೌಡಶಾನಿಗೂ ನನಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಎದುರಿಗೆ ‘ಅವ್ವಾರ’ ಎನ್ನುತ್ತಿದ್ದೆ. ಹಿಂದೆ ಏನೆನ್ನುತ್ತಿದ್ದೆ ಎಂಬುದು ಬೇಡ.

ಆಕೆ ಪಾಮನಕಲ್ಲೂರಿನ ಮಗಳು. ಅದು ಮಳೆ ನಂಬಿದ ಸೀಮೆ. ಜೋಳದ ರೊಟ್ಟಿ, ಪುಂಡಿಪಲ್ಯ, ದೂರದಿಂದ ಹೊತ್ತು ತರುವ ನೀರು. ಸೊಸೆಯಾಗಿ ಗೊರೇಬಾಳಕ್ಕೆ ಕಾಲಿಟ್ಟಾಗ ನಾನೇ ಕಂಡಿದ್ದೇನೆ, ಬಾರುಕೋಲಿನಂತೆ ಇದ್ದಳು. ಬಗ್ಗಿದರೆ ತಲೆ ನೆಲಕ್ಕೆ ಮುಟ್ಟುವಷ್ಟು ಬಳುಕುತ್ತಿದ್ದಳು. ಇಲ್ಲಿ ಕಾಲುವೆ ನೀರು, ಭತ್ತ, ಎರಡು ಹೊತ್ತೂ ಬಿಳಿ ಅನ್ನ. ರೊಟ್ಟಿ ಆಳುಗಳಿಗೆ. ನೀರು ತರಲು ಒಬ್ಬಳು, ಕಸಕ್ಕೆ ಒಬ್ಬಳು, ಕೂತಲ್ಲಿಗೆ ತಂಬಿಗೆ ತಂದು ಕೊಡಲು ಇನ್ನೊಬ್ಬಳು. ಗೌಡರ ಮನೆಯ ಸೊಸೆ ಕೈಕಾಲು ಆಡಿಸಿದರೆ ಮನೆತನಕ್ಕೇ ಕುಂದು. ವರ್ಷ ಕಳೆದಂತೆ ಮೈ ಹಿಡಿಯಿತು. ಆಕೆಯ ಅತ್ತೆ ಬಂದವರ ಎದುರು ಸೊಸೆಯನ್ನು ನಿಲ್ಲಿಸಿ, ಸಂತೆಯಲ್ಲಿ ಎಮ್ಮೆ ತೋರಿಸಿದಂತೆ ತೋರಿಸುತ್ತಿದ್ದಳು.

“ನಮ್ಮ ಮನಿ ಅನ್ನ ಉಂಡ ಮ್ಯಾಲ ಹೆಂಗ ತುಂಬ್ಯಾಳ ನೋಡ್ರಿ. ತವರಮನ್ಯಾಗ ಬರೇ ಎಲುವು ಇತ್ತು.”

ನಮ್ಮ ಕಡೆ ಹೀಗೇ. ಸೊಸೆಯ ಮೈಮೇಲಿನ ಕೊಬ್ಬು ಅತ್ತೆಯ ಮನೆಯ ಮರ್ಯಾದೆ. ಸೊಸೆ ಸೊರಗಿದರೆ ಊಟಕ್ಕೆ ಹಾಕುತ್ತಿಲ್ಲ ಎನ್ನುತ್ತಾರೆ. ಮೈ ಬಂದರೆ ಲಕ್ಷ್ಮಿ ಎನ್ನುತ್ತಾರೆ. ಆಕೆ ಲಕ್ಷ್ಮಿಯಾದಳು. ಆಮೇಲೆ ಲಕ್ಷ್ಮಿಗೆ ಕೆಳಗೆ ಕೂರಲು ಬರದಾಯಿತು. ಮೊದಲು ಮಣೆ, ಆಮೇಲೆ ಸ್ಟೂಲು, ಕೊನೆಗೆ ಕುರ್ಚಿ. ದೇವರ ಪೂಜೆಗೂ ಕುರ್ಚಿ. ನನ್ನನ್ನು ಕಂಡರೆ ಆಕೆಗೆ ನಗು. “ಹತ್ತಿಕಟಗಿ ಬಂತು ನೋಡ್ರಿ, ಗಾಳಿ ಬಿಟ್ರ ಹಾರಿ ಹೊಕ್ಕೈತಿ” ಎನ್ನುತ್ತಿದ್ದಳು. ಆಕೆ ತಟ್ಟೆಯಲ್ಲಿ ಬಿಟ್ಟದ್ದನ್ನು ನಾನು ನಾಯಿಗೆ ಹಾಕುತ್ತಿದ್ದೆ, ಆ ನಾಯಿ ನನಗಿಂತ ದಪ್ಪಗಿತ್ತು.

ಒಬ್ಬಳೇ ಮಗಳು. ಕಲಿತವಳು. ಲಿಂಗಸುಗೂರಿನ ಬಟ್ಟೆ ವ್ಯಾಪಾರದ ಮನೆಗೆ ಕೊಟ್ಟಿದ್ದರು. ಆಕೆ ಬಸಿರಾದ ಸುದ್ದಿ ಬಂದಾಗ ಗೌಡಶಾನಿ ಬುತ್ತಿ ಕಟ್ಟಿಸಿಕೊಂಡು ನೋಡಲು ಹೊರಟಳು. ಬುತ್ತಿಯ ಗಂಟುಗಳನ್ನು ಹೊರಲು ನಾನು.

ಅಲ್ಲಿ ಪಡಸಾಲೆಯಲ್ಲಿ ಜಮಖಾನೆ ಹಾಸಿ ಹೆಂಗಸರೆಲ್ಲ ಕೆಳಗೆ ಕೂತಿದ್ದರು. ಬಸುರಿಗೆ ಉಡಿ ತುಂಬಬೇಕು. ಗೌಡಶಾನಿ ನಿಂತೇ ಇದ್ದಳು. ಯಾರೋ ಕುರ್ಚಿ ತಂದು ಹಾಕಿದರು. ಕೂತಳು. ಮಗಳು ಎದ್ದು ನಿಂತು, ಸೆರಗೊಡ್ಡಿ, ಕುರ್ಚಿಯ ಮೇಲಿದ್ದ ತಾಯಿಯಿಂದ ಉಡಿ ತುಂಬಿಸಿಕೊಂಡಳು. ಬೀಗತಿ ಎಂದರೆ ಮಗಳ ಅತ್ತೆ, ಅವಳು ಎಲೆಗೆ ಸುಣ್ಣ ಹಚ್ಚುತ್ತ ನೋಡುತ್ತಿದ್ದಳು. ಹಲ್ಲಿಯಂಥ ಹೆಂಗಸು, ತೆಳ್ಳಗೆ, ಬೆಳ್ಳಗೆ, ಗೋಡೆಗೆ ಅಂಟಿಕೊಂಡು ಕೂತಿದ್ದಳು. ಅವಳೇ ಕೇಳಿದಳು.

“ಅಲ್ರೀ ಬೀಗತೇರ, ಚೊಚ್ಚಲ ಬಾಣಂತನ ತವರಮನ್ಯಾಗ ಆಗಬೇಕಂತೀರಿ. ಕೂಸಿಗೆ ಖುರ್ಚಿ ಮ್ಯಾಲ ಕುಂತು ಎರೀತೀರೇನು?”

ಹೆಂಗಸರು ಕಿಸಕ್ಕೆಂದರು.

“ಎರಿಯಾಕ ಮಂದಿ ಅದಾರ್ರೀ” ಎಂದು ಗೌಡಶಾನಿ ನನ್ನ ಕಡೆ ಕೈ ಮಾಡಿದಳು.

“ಆಳಿನ ಕಾಲ ಮ್ಯಾಲ ನಮ್ಮ ಮನಿ ಕೂಸಾ? ಬ್ಯಾಡ ಬಿಡ್ರಿ. ಹಡಿಯೂದು ಇಲ್ಲೇ ಆಗ್ಲಿ. ನನ್ನ ಮೊಣಕಾಲು ಇನ್ನೂ ಮಡಚತಾವ.” ಅಷ್ಟು ಹೇಳಿ ಎಲೆಯನ್ನು ಬಾಯಿಗಿಟ್ಟುಕೊಂಡು, ನಗುತ್ತಲೇ ಒಂದು ಮಾತು ಸೇರಿಸಿದಳು. “ಕುಬುಸದಾಗ ನೋಡೂಣು. ಕೆಳಗ ಕುಂತು ಮಗಳ ಉಡಿ ತುಂಬ್ರಿ, ಅವತ್ತ ಕರಕೊಂಡು ಹೋಗ್ರಿ.”

ಕುಬುಸವೆಂದರೆ ಏಳನೆಯ ತಿಂಗಳಿನ ಕಾರ್ಯ. ಅದು ಮುಗಿದ ಮೇಲೆಯೇ ಮಗಳನ್ನು ಹೆರಿಗೆಗೆ ತವರಿಗೆ ಕಳಿಸುವುದು. ಅಷ್ಟರೊಳಗೆ ಗೌಡಶಾನಿ ನೆಲ ಮುಟ್ಟಬೇಕು, ಇಲ್ಲದಿದ್ದರೆ ಮಗಳಿಲ್ಲ.

ವಾಪಸ್ಸು ಜೀಪಿನಲ್ಲಿ ಮಸ್ಕಿ ದಾಟಿದೆವು. ಆಮೇಲೆ ಆಕೆ ಹೊರಗೆ ನೋಡುತ್ತಲೇ ಹೇಳಿದಳು. “ನಮ್ಮವ್ವ ನನ್ನ ಬಾಣಂತನ ಕಾಣಲಿಲ್ಲಬೇ, ಅದಕ್ಕ ಮೊದಲ ಹೋದ್ಲು. ನನ್ನ ಕೂಸಿಗೆ ಅತ್ತಿ ಎರದ್ಲು, ನನ್ನ ಮುಟ್ಟಗೊಡಲಿಲ್ಲ. ಈ ಕೂಸಿನ ನಾ ಎರೀಬೇಕು.”

ಕೂಸಿಗೆ ಎರೆಯುವುದೆಂದರೆ ಬಚ್ಚಲಲ್ಲಿ ಕೆಳಗೆ ಕೂತು, ಎರಡೂ ಕಾಲು ಮುಂದಕ್ಕೆ ಚಾಚಿ, ಮುಂಗಾಲಿನ ಮೇಲೆ ಕೂಸನ್ನು ಮಲಗಿಸಿಕೊಳ್ಳಬೇಕು. ಬಗ್ಗಿ ಎಣ್ಣೆ ತಿಕ್ಕಬೇಕು, ಬಗ್ಗಿ ನೀರು ಹಾಕಬೇಕು. ಈ ದೇಹ ಬಗ್ಗುವುದೆಂದರೆ ಗೊರೇಬಾಳದ ನೀರಿನ ಟಾಕಿ ಬಗ್ಗಿದಂತೆ.

ಸಿಂಧನೂರಿನ ಡಾಕ್ಟರು ಮೊಣಕಾಲು ಒತ್ತಿ ನೋಡಿ, ಗುಳಿಗೆ ಬರೆದು, ಭಾರ ಇಳಿಸಬೇಕು, ದಿನಾ ನಡೆಯಬೇಕು ಎಂದರು. ಸಕ್ಕರೆ ಬೇನೆ ಇರುವುದೂ ಅವತ್ತೇ ಗೊತ್ತಾಯಿತು. ಪಕ್ಕದ ಕೋಣೆಯಲ್ಲಿ ಒಬ್ಬ ಹುಡುಗಿ ಕೂತಿದ್ದಳು, ಊಟದ ಬಗ್ಗೆ ಹೇಳುವುದೇ ಅವಳ ನೌಕರಿ. ಅನ್ನ ಕಡಿಮೆ ಮಾಡಿ, ಜೋಳದ ರೊಟ್ಟಿ ತಿನ್ನಿ, ಕಾಳು ತಿನ್ನಿ, ಸೊಪ್ಪುತಪ್ಪಲು ತಿನ್ನಿ. ಯಾವುದರಲ್ಲಿ ಪ್ರೋಟೀನ್, ಯಾವುದರಲ್ಲಿ ಕ್ಯಾಲೊರಿ, ಎಲ್ಲ ಹೇಳಿದಳು. ಗೌಡಶಾನಿಗೆ ತಲೆ ಚುರುಕು. ಒಂದೇ ಸಲಕ್ಕೆ ಎಲ್ಲ ಬಾಯಿಪಾಠವಾಯಿತು. ಆ ವಿದ್ಯೆ ಬಾಯಿಯಲ್ಲೇ ಉಳಿಯಿತು, ಗಂಟಲಿನಿಂದ ಕೆಳಗೆ ಇಳಿಯಲಿಲ್ಲ.

ವಾರದೊಳಗೆ ಊರಿಗೆಲ್ಲ ಪಾಠ ಶುರು. ಕಸ ಗುಡಿಸುವ ನನ್ನನ್ನೂ ನಿಲ್ಲಿಸಿ, ಹೆಸರುಕಾಳಿನಲ್ಲಿ ಏನಿದೆ, ಸಜ್ಜೆಯಲ್ಲಿ ಏನಿದೆ ಎಂದು ಹೇಳುತ್ತಿದ್ದಳು. ತನ್ನ ಊಟಕ್ಕೆ ಮಾತ್ರ ಬೇರೆ ಲೆಕ್ಕ. ಬೆಲ್ಲ ಸಕ್ಕರೆಯಲ್ಲ. ಮಠದ ಪ್ರಸಾದ ಮೈಗೆ ಹತ್ತುವುದಿಲ್ಲ. ನಿಂತು ತಿಂದದ್ದು ಊಟವಲ್ಲ. ಸೋಮವಾರ ಉಪವಾಸ, ಉಪವಾಸವೆಂದ ಮೇಲೆ ತೂಕ ಇಳಿಯಲೇಬೇಕು. ಅವತ್ತು ತುಪ್ಪ ಹಾಕಿದ ಸಾಬುದಾಣಿ, ಶೇಂಗಾ ಉಂಡಿ, ಬಾಳೆಹಣ್ಣು, ಕೆನೆಹಾಲು. ಉಪವಾಸದ ದಿನ ನನಗೆ ಹೆಚ್ಚು ಪಾತ್ರೆ ಬೀಳುತ್ತಿದ್ದವು. ಜೋಳದ ರೊಟ್ಟಿ ಮಾಡಿಸುತ್ತಿದ್ದಳು, ಬೀಗರು ನೆಂಟರು ಬಂದರೆ ಅದನ್ನು ಒಲೆಯ ಹಿಂದೆ ಮುಚ್ಚಿಡಿಸುತ್ತಿದ್ದಳು. ಪಾಮನಕಲ್ಲೂರಿನಲ್ಲಿ ಅದನ್ನೇ ತಿಂದು ಬೆಳೆದವಳು!

ಇನ್ನು ನಡೆಯುವುದು. ಗೌಡರ ಮನೆಯ ಹೆಂಗಸು ಕಾರಣವಿಲ್ಲದೆ ರಸ್ತೆಯಲ್ಲಿ ನಡೆಯುವಂತಿಲ್ಲ. ಗದ್ದೆಗೆ ಹೋಗುವವಳು ನಡೆಯಬಹುದು, ನೀರಿಗೆ ಹೋಗುವವಳು ನಡೆಯಬಹುದು. ಸುಮ್ಮನೆ ಹೋಗಿ ಸುಮ್ಮನೆ ಬರುವ ಹೆಂಗಸಿಗೆ ಊರು ಕಾರಣ ಹುಡುಕಿಕೊಡುತ್ತದೆ, ಅದು ಒಳ್ಳೆಯ ಕಾರಣವಾಗಿರುವುದಿಲ್ಲ. ಅದಕ್ಕೆ ಗೌಡರು ಒಂದು ಹರಕೆ ಹುಟ್ಟಿಸಿದರು. ಕಾಲುವೆ ದಂಡೆಯ ಬಸವಣ್ಣನ ಗುಡಿಗೆ ಆಕೆ ದಿನಾ ಬೆಳಿಗ್ಗೆ ಕಾಲ್ನಡಿಗೆಯಲ್ಲಿ ಹೋಗಬೇಕು. ಜೊತೆಗೆ ನಾನು. ಬೆಳಗಿನಿಂದ ಬೈಗಿನವರೆಗೆ ಕಾಲ ಮೇಲೆಯೇ ಇರುವವಳಿಗೆ ಇನ್ನೊಂದಿಷ್ಟು ನಡೆಯುವ ನೌಕರಿ!

ಮಗಳು ಲಿಂಗಸುಗೂರಿನಿಂದ ಬೂಟು ಕಳಿಸಿದ್ದಳು. ಇಳಕಲ್ ಸೀರೆಯ ಕೆಳಗೆ ಬಿಳಿ ಬೂಟು. ಗೌಡಶಾನಿ ನಾಚಿ ಸತ್ತಳು. ಊರೊಳಗೆ ಹಾಕಿಕೊಳ್ಳಲೊಲ್ಲಳು, ದಂಡೆಗೆ ಹೋದ ಮೇಲೆ ಬೇಕು. ಹೂವಿನ ಬುಟ್ಟಿಯಲ್ಲಿ ಬೂಟು ಇಡುವಂತಿಲ್ಲ. ಕೊನೆಗೆ ನನ್ನ ಸೆಗಣಿ ಬುಟ್ಟಿಯೇ ಗತಿಯಾಯಿತು. ಕೆಲಸದವಳ ಸೆಗಣಿ ಬುಟ್ಟಿಯನ್ನು ಯಾರೂ ಇಣುಕಿ ನೋಡುವುದಿಲ್ಲ. ಕೆಳಗೆ ಬೂಟು, ಮೇಲೆ ಗೋಣಿಚೀಲ, ಅದರ ಮೇಲೆ ಒಂದಿಷ್ಟು ಸೆಗಣಿ.

ಆದರೆ ದಂಡೆ ಮುಟ್ಟಿದರೆ ತಾನೆ? ಗುಡಿಯ ದಾರಿಯ ಎರಡೂ ಬದಿ ಮನೆಗಳು. ಗೌಡಶಾನಿ ಕಾಲಲ್ಲಿ ನಡೆದು ಬರುತ್ತಾಳೆಂದರೆ ಊರಿಗೆ ಹಬ್ಬ.

“ಎವ್ವಾ, ಅವ್ವಾರು ನಡಕೋತ ಬಂದಾರ! ಬರ್ರೀ, ನಮ್ಮ ಹೊಸ್ತಿಲಾ ತುಳೀರಿ, ಒಂದೀಟು ಕುಂಕುಮ ಹಚ್ಚಿಕೊಂಡು ಹೋಗ್ರಿ.”

ಕುಂಕುಮದ ಹಿಂದೆ ಚಹಾ, ಚಹಾದ ಹಿಂದೆ ಮಂಡಾಳ ಒಗ್ಗರಣೆ, ಅದರ ಹಿಂದೆ ಮಿರ್ಚಿ. ಬೇಡವೆನ್ನುವಂತಿಲ್ಲ. ಕುಂಕುಮಕ್ಕೆ ಕರೆದ ಮನೆಯಲ್ಲಿ ಬಾಯಿಗೆ ಏನೂ ಹಾಕಿಕೊಳ್ಳದೆ ಎದ್ದರೆ ಅದು ಬೈಗುಳಕ್ಕಿಂತ ಕಡೆ. ಒಂದು ಮನೆಯಲ್ಲಿ ಕುಡಿದು ಇನ್ನೊಂದರಲ್ಲಿ ಬಿಟ್ಟರೆ, ಆ ಸಿಟ್ಟು ಮುಂದಿನ ಪಂಚಾಯಿತಿ ಚುನಾವಣೆಯವರೆಗೂ ಇರುತ್ತದೆ. ಹಾಗಾಗಿ ಎಲ್ಲ ಮನೆಯಲ್ಲೂ ತಿಂದಳು. ತಿನ್ನುತ್ತಲೇ ಪಾಠ.

“ಕರದದ್ದು ಛಲೋ ಅಲ್ಲಬೇ. ಇದರಾಗ ಪ್ರೋಟೀನ್ ಇಲ್ಲ, ಬರೇ ಎಣ್ಣಿ. ಮಕ್ಕಳಿಗೆ ಕೊಡಬ್ಯಾಡ್ರಿ... ಹೂಂ, ಇನ್ನೊಂದು ಹಾಕು.”

ನಾನು ಹೊರಗೆ ಕಟ್ಟೆಯ ಮೇಲೆ ಬುಟ್ಟಿ ಇಟ್ಟುಕೊಂಡು ಕೂತಿರುತ್ತಿದ್ದೆ. ಬಿಸಿಲೇರುತ್ತಿತ್ತು. ಬೂಟು ಸೆಗಣಿಯ ಕೆಳಗೆ ಹೊಸದಾಗಿಯೇ ಇತ್ತು. ಎಷ್ಟೋ ದಿನ ಬಸವಣ್ಣ ನಮ್ಮ ಮುಖವನ್ನೇ ಕಾಣಲಿಲ್ಲ.

ಹೀಗಿರುವಾಗ ಅಂಗನವಾಡಿಯಲ್ಲಿ ಹೆಂಗಸರ ಆರೋಗ್ಯ ನೋಡಲು ಒಬ್ಬ ಎಳೆಯ ಡಾಕ್ಟರಮ್ಮ ಬಂದಳು. ಒಂದು ಗಾಜಿನ ಮಷೀನು ತಂದಿದ್ದಳು. ಬರಿಗಾಲಲ್ಲಿ ಅದರ ಮೇಲೆ ನಿಂತರೆ ತೂಕವಷ್ಟೇ ಅಲ್ಲ, ಮೈಯಲ್ಲಿ ಕೊಬ್ಬೆಷ್ಟು, ಖಂಡವೆಷ್ಟು ಎಂದು ಹೇಳುತ್ತದಂತೆ. ಗೌಡಶಾನಿ ಏರುವ ಮೊದಲು ಪಾಟಲಿ, ಬಿಲ್ವಾರ, ಸರ ಎಲ್ಲ ಬಿಚ್ಚಿ ನನ್ನ ಮಡಿಲಿಗೆ ಹಾಕಿದಳು. ಕೊಬ್ಬು ಇಳಿಸಲಾಗದವಳು ಬಂಗಾರ ಇಳಿಸಿದಳು. ಆದರೂ ಮಷೀನು ಕರುಣೆ ತೋರಲಿಲ್ಲ. ಸಿಂಧನೂರಿನಲ್ಲಿ ಇದ್ದದ್ದಕ್ಕಿಂತ ತೂಕ ಹೆಚ್ಚೇ ಆಗಿತ್ತು.

ಆಮೇಲೆ ನನ್ನನ್ನು ಹತ್ತಿಸಿದರು. ಡಾಕ್ಟರಮ್ಮನ ಮುಖ ಅರಳಿತು. ನನ್ನ ಹೆಗಲು ಹಿಡಿದು ಎಲ್ಲರ ಕಡೆ ತಿರುಗಿಸಿ, “ನೋಡಿ, ಈ ಅಮ್ಮನನ್ನು ನೋಡಿ ಕಲೀರಿ. ಎಷ್ಟು ಕೆಲಸ ಮಾಡ್ತಾರೆ, ಮೈಯಲ್ಲಿ ಕೊಬ್ಬೇ ಇಲ್ಲ” ಎಂದಳು. ಹೆಂಗಸರು ಚಪ್ಪಾಳೆ ತಟ್ಟಿದರು. ನನ್ನ ಎಲುಬಿಗೆ ಜನ್ಮದಲ್ಲಿ ಅದೊಂದೇ ಸಲ ಚಪ್ಪಾಳೆ ಬಿದ್ದದ್ದು. ಆಮೇಲೆ ಬೆರಳಿಗೆ ಚುಚ್ಚಿ ರಕ್ತ ನೋಡಿದಳು. ಮುಖ ಸಣ್ಣದಾಯಿತು.

“ಅಮ್ಮಾ, ನಿಮಗೆ ರಕ್ತ ತುಂಬಾ ಕಡಿಮೆ ಇದೆ. ಹೇಗೆ ನಡೀತೀರಿ ನೀವು?”

“ಕಾಲಲೆ ನಡೀತೀನ್ರಿ” ಎಂದೆ.

ಗೌಡಶಾನಿ ನಗಲು ಬಾಯಿ ತೆರೆದಳು. ಅಷ್ಟರಲ್ಲಿ ಆಕೆಯ ಬೆರಳಿಗೂ ಚುಚ್ಚಿದರು. ಆಕೆಗೂ ರಕ್ತ ಕಡಿಮೆ! ಅಷ್ಟು ದೊಡ್ಡ ದೇಹದಲ್ಲಿ ರಕ್ತಕ್ಕೆ ಜಾಗವಿರಲಿಲ್ಲ. ಡಾಕ್ಟರಮ್ಮ ನಮ್ಮಿಬ್ಬರಿಗೂ ಒಂದೇ ಬಣ್ಣದ ಗುಳಿಗೆ ಕೊಟ್ಟು, ಹಾಲು ಕುಡಿಯಿರಿ, ಹಣ್ಣು ತಿನ್ನಿರಿ ಎಂದು ನನಗೆ ಹೇಳಿದಳು. ಹಾಲು ಹಿಂಡುವವಳು ನಾನು, ಕುಡಿಯುವವಳು ಪಕ್ಕದಲ್ಲೇ ನಿಂತಿದ್ದಳು. ಡಾಕ್ಟರಮ್ಮನಿಗೆ ಅದನ್ನೆಲ್ಲ ಯಾರು ಹೇಳಬೇಕು?

ವಾಪಸ್ಸು ಬರುವಾಗ ಗೌಡಶಾನಿ ಬೇವಿನ ಗಿಡದ ಕೆಳಗೆ ನಿಂತುಬಿಟ್ಟಳು. ಕುಬುಸ ಹತ್ತಿರ ಬರುತ್ತಿತ್ತು.

“ಎಲ್ಲಾ ಗೊತ್ತೈತಿಬೇ ನನಗ. ಏನ್ ತಿನಬೇಕು, ಏನ್ ಬಿಡಬೇಕು, ಎಲ್ಲಾ. ಆದರ ಮಂದಿ ಬಿಡವಲ್ರು. ನಾ ಏನ್ ಮಾಡ್ಲಿ?”

ನನಗೆ ಸಿಟ್ಟು ಬಂದಿತ್ತು. ರಕ್ತ ಕಡಿಮೆಯಿದ್ದರೂ ಸಿಟ್ಟಿಗೆ ಕೊರತೆಯಿಲ್ಲ. “ಏನ್ ಮಾಡ್ತೀರ್ರಿ! ನನ್ನಂಗ ಕೈಗೆ ಸೆಗಣಿ ಹಚ್ಕೋರಿ” ಎಂದೆ. “ಸೆಗಣಿ ಕೈಯಾಕಿನ ಯಾರು ಕರದು ಕುಂಕುಮ ಹಚ್ತಾರ? ಯಾರು ಬಾಯಿಗೆ ಮಿರ್ಚಿ ಇಡ್ತಾರ? ಇಷ್ಟು ವರ್ಷ ಈ ದಾರ್‍ಯಾಗ ಅಡ್ಡಾಡೀನಿ, ಒಬ್ಬಾಕಿ ಕರದಿಲ್ಲ ನನ್ನ.”

ಬೈದದ್ದು ಅದು, ಬುದ್ಧಿ ಹೇಳಿದ್ದಲ್ಲ. ಆಕೆ ನನ್ನ ಮುಖ ನೋಡಿ ಮನೆಯ ಕಡೆ ಹೊರಟಳು. ಮರುದಿನ ಕೊಟ್ಟಿಗೆಯಲ್ಲಿ ಬುಟ್ಟಿ ತುಂಬುತ್ತಿದ್ದೆ. ಗೌಡಶಾನಿ ಬಂದಳು. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿದ್ದಳು. ಬಗ್ಗಲು ಬಾರದ್ದಕ್ಕೆ ಬುಟ್ಟಿಯನ್ನು ಎತ್ತಿ ಹಿಡಿಯಲು ಹೇಳಿದಳು. ಹಿಡಿದೆ. ಎರಡೂ ಕೈ ಮೊಣಕೈಯವರೆಗೆ ಸೆಗಣಿಯಲ್ಲಿ ಅದ್ದಿದಳು.

“ಬೂಟು ಹಾಕು ಕಾಲಿಗೆ” ಎಂದಳು. “ಕೈ ನೋಡಿದವರು ಕಾಲು ನೋಡಂಗಿಲ್ಲ.”

ಊರ ನಡುವೆ ಹಾಗೇ ನಡೆದಳು. ಎರಡೂ ಕೈ ಮೈಗೆ ತಾಕದಂತೆ ಅಗಲಿಸಿಕೊಂಡು, ರೆಕ್ಕೆ ಬಿಚ್ಚಿದ ಹೇಂಟೆ ಕೋಳಿಯಂತೆ. ಬಾಗಿಲಲ್ಲಿ ನಿಂತ ಹೆಂಗಸರು “ಬರ್ರೀ ಅವ್...” ಎಂದು ಅರ್ಧಕ್ಕೇ ನಿಲ್ಲಿಸಿದರು. ಸೆಗಣಿ ಕೈಯವಳನ್ನು ಒಳಗೆ ಕರೆಯುವುದು ಹೇಗೆ? ಕುಂಕುಮದ ಬಟ್ಟಲು ಎದುರು ಹಿಡಿಯುವುದು ಹೇಗೆ? ಒಬ್ಬಳೂ ಕರೆಯಲಿಲ್ಲ. ಅವತ್ತು ಬಸವಣ್ಣನ ಗುಡಿ ಮುಟ್ಟಿದೆವು. ನಾನು ಕಾಲುವೆಯಿಂದ ಮೊಗೆದು ಹಾಕಿದ ನೀರಲ್ಲಿ ಕೈ ತೊಳೆದು ನಮಸ್ಕಾರ ಮಾಡಿ, ಬರುವಾಗ ಮತ್ತೆ ಬುಟ್ಟಿಯಲ್ಲಿ ಕೈ ಅದ್ದಿಕೊಂಡು ಬಂದಳು.

ಊರು ಸುಮ್ಮನಿರುತ್ತದೆಯೇ? ಗೌಡರ ಮನೆಯಲ್ಲಿ ಆಳಿಗೆ ಬರ ಬಂದಿದೆ ಎಂದರು. ಗೌಡಶಾನಿಗೆ ತಲೆ ಕೆಟ್ಟಿದೆ ಎಂದರು. ನಾನೇ ಏನೋ ಮಾಡಿಸಿದ್ದೇನೆ ಎಂದವರೂ ಇದ್ದರು. ಗೌಡರ ಕಿವಿಗೆ ಬಿತ್ತು. ಜವಳಗೇರಾದಿಂದ ಬಂದ ನೆಂಟನೊಬ್ಬ ಚಹಾ ಕುಡಿಯುತ್ತ ಅವರ ಎದುರೇ ನಕ್ಕನಂತೆ. ಅವತ್ತು ಗೌಡರು ಅಂಗಳದಲ್ಲಿ ನಿಂತು ಒದರಿದರು.

“ನನ್ನ ಇಜ್ಜತ್ತು ಸೆಗಣ್ಯಾಗ ಕಲಸಾಕತ್ತೀ ಏನು? ನಾಳಿಂದ ಹೊರಗ ಕಾಲಿಟ್ರ ನೋಡು!”

ನಾನು ಕೊಟ್ಟಿಗೆಯಲ್ಲೇ ಇದ್ದೆ. ಈಗ ಈಕೆ ಕುರ್ಚಿಗೆ ಹೋಗಿ ಕೂರುತ್ತಾಳೆ, ನನಗೂ ಬೆಳಗಿನ ತಿರುಗಾಟ ತಪ್ಪುತ್ತದೆ ಎಂದುಕೊಂಡೆ. ಆಕೆ ಮಾತ್ರ ಗಂಡನ ಎದುರು ನಿಂತೇ ಇದ್ದಳು.

“ಬೀಗತಿ ಮುಂದ ನಾ ಖುರ್ಚಿ ಮ್ಯಾಲ ಕುಂತಾಗ ಎಲ್ಲಿ ಹೋಗಿತ್ರಿ ಇಜ್ಜತ್ತು? ನಾಳೆ ಮಗಳು ಅಲ್ಲೇ ಹಡದ್ರ ಊರಿಗೆ ಏನ್ ಹೇಳ್ತೀರಿ? ಇಲ್ಲಾ, ಕೂಸಿನ ನೀವ ಕಾಲ ಮ್ಯಾಲ ಹಾಕ್ಕೊಂಡು ಎರೀತೀರೇನು?”

ಗೌಡರು ಹೆಗಲ ಮೇಲಿನ ಟವೆಲು ಕೊಡವಿ ಒಳಗೆ ಹೋದರು. ಅವರ ಕೈಲಿ ಬೇರೆ ಏನಾಗುತ್ತಿತ್ತು?

ಕುಬುಸದವರೆಗೂ ಆಕೆ ನಡೆದಳು. ಸುಳ್ಳು ಹೇಳಬಾರದು, ನಡೆದಳು. ಬೆವರು ಸುರಿಸಿ, ನನ್ನನ್ನು ಬೈದು, ದಂಡೆಯ ಕಲ್ಲುಗಳನ್ನು ಬೈದು, ಬೀಗತಿಯ ವಂಶವನ್ನೇ ಬೈದು ನಡೆದಳು. ಮಧ್ಯಾಹ್ನ ನಾನು ಮೊಣಕಾಲಿಗೆ ಬಿಸಿ ಎಣ್ಣೆ ಹಚ್ಚಿ ತಿಕ್ಕುತ್ತಿದ್ದೆ. ಕಂಬ ಹಿಡಿದು ಇಷ್ಟಿಷ್ಟೇ ಕೆಳಗೆ ಇಳಿಸುತ್ತಿದ್ದೆ. ಮೊದಲು ಸ್ಟೂಲು, ಆಮೇಲೆ ಮಣೆ. ಏರಿದ ದಾರಿಯಲ್ಲೇ ವಾಪಸ್ಸು ಇಳಿಯುವುದು. ಎರಡು ಹೊತ್ತಿನ ಅನ್ನ ಮಾತ್ರ ಬಿಡಲಿಲ್ಲ, ಸೋಮವಾರದ ಉಂಡಿ ಬಿಡಲಿಲ್ಲ. ಕಾಲು ಮಾತು ಕೇಳಿತು, ಹೊಟ್ಟೆ ಕೇಳಲಿಲ್ಲ.

ಲಿಂಗಸುಗೂರಿನಲ್ಲಿ ಕುಬುಸದ ದಿನ ಬೀಗತಿ ತಾನೇ ಕುರ್ಚಿ ತಂದು ಹಾಕಿದಳು. ಗೌಡಶಾನಿ ಅದನ್ನು ಕಾಲಿಂದ ಸರಿಸಿ, ನನ್ನ ಹೆಗಲು ಹಿಡಿದು, ಜಮಖಾನೆಯ ಮೇಲೆ ಕೂತಳು. ಕೂತ ರಭಸಕ್ಕೆ ತಾಟಿನಲ್ಲಿದ್ದ ಅಡಿಕೆ ಹಾರಿದವು. ಮಗಳ ಉಡಿ ತುಂಬಿದಳು. ಏಳುವಾಗ ಮೂವರು ಎತ್ತಬೇಕಾಯಿತು, ಆದರೆ ಕೂರುವ ಮಾತಷ್ಟೇ ಆಗಿತ್ತು, ಏಳುವ ಮಾತಾಗಿರಲಿಲ್ಲ. ಬೀಗತಿ ಎಲೆ ಜಗಿಯುವುದನ್ನು ನಿಲ್ಲಿಸಿದ್ದಳು. ಮಗಳು ನಮ್ಮ ಜೀಪಿನಲ್ಲೇ ಬಂದಳು.

ಹೆಣ್ಣುಕೂಸು ಹುಟ್ಟಿತು. ಆಸ್ಪತ್ರೆಯಿಂದ ಮನೆಗೆ ತಂದ ಮೇಲೆ ಮೊದಲ ನೀರು. ಬಚ್ಚಲ ಹಂಡೆಯಲ್ಲಿ ನೀರು ಕಾದಿತ್ತು. ಗೌಡಶಾನಿ ಹಳೆಯ ಸೀರೆ ಉಟ್ಟು, ಕಲ್ಲಿನ ಮೇಲೆ ಕೂತು, ಕಾಲು ಚಾಚಿದಳು. ನಾನು ಕೂಸನ್ನು ತಂದು ಆಕೆಯ ಮುಂಗಾಲುಗಳ ಮೇಲೆ ಮಲಗಿಸಿದೆ. ಅಗಲವಾದ ಕಾಲುಗಳು, ಮೆತ್ತಗೆ. ನನ್ನ ಕಾಲ ಮೇಲೆ ಮಲಗಿಸಿದ ಕೂಸುಗಳು ಎಲುಬು ಒತ್ತಿ ಚೀರುತ್ತಿದ್ದವು. ಇದು ಚೀರಲಿಲ್ಲ, ಕಣ್ಣು ಪಿಳಿಪಿಳಿ ಮಾಡಿತು.

ಗೌಡಶಾನಿ ಬಟ್ಟಲ ಎಣ್ಣೆಯಲ್ಲಿ ಕೈ ಅದ್ದಿ ಬಗ್ಗಿದಳು. ಕೈ ಮುಟ್ಟಲಿಲ್ಲ. ಇನ್ನೂ ಬಗ್ಗಿದಳು. ಹೊಟ್ಟೆ ಅಡ್ಡ ಬಂತು. ಬೆರಳಿನ ತುದಿ ಕೂಸಿನ ಕೂದಲನ್ನು ಸವರಿತು, ಅಷ್ಟೆ. ಉಸಿರು ಕಟ್ಟಿ ಮುಖ ಕೆಂಪಾಯಿತು. ನಡೆದದ್ದು, ಸೆಗಣಿ ಹಚ್ಚಿಕೊಂಡದ್ದು, ಗಂಡನ ಎದುರು ನಿಂತದ್ದು ಎಲ್ಲ ಮೊಣಕಾಲಿಗಾಗಿ. ಹೊಟ್ಟೆಯನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ, ಆಕೆ ಅಂತೂ ಹಿಡಿದೇ ಇರಲಿಲ್ಲ.

ಎಣ್ಣೆ ಬೆರಳಿನಿಂದ ಕಲ್ಲಿನ ಮೇಲೆ ತೊಟ್ಟಿಕ್ಕುತ್ತಿತ್ತು. ಹೊರಗೆ ಮಗಳು “ಯಾಕಬೇ ಯವ್ವಾ, ನೀರಿನ ಸಪ್ಪಳ ಇಲ್ಲ?” ಎಂದು ಕೂಗಿದಳು.

“ಎರಿಯಾಕತ್ತೀನಿ, ಸುಮ್ಕಿರು” ಎಂದು ಗೌಡಶಾನಿ ಕೂಗಿ, ನನ್ನ ಕಡೆ ನೋಡಿ ದನಿ ಇಳಿಸಿದಳು. “ಹತ್ತಿಕಟಗಿ, ಬಾ ಇಲ್ಲೆ. ಕುಂದ್ರು.”

ನಾನು ಆಕೆಯ ಪಾದದ ಕಡೆ ಎದುರಿಗೆ ಕೂತೆ. ಕಾಲು ಆಕೆಯವು, ಕೈ ನನ್ನವು. ಹಾಗೆಯೇ ಎಣ್ಣೆ ತಿಕ್ಕಿದೆ, ನೀರು ಹಾಕಿದೆ, ಮೂಗು ತೀಡಿದೆ. ಆಕೆ ಮೇಲಿನಿಂದ ಅಧಿಕಾರ ನಡೆಸುತ್ತಿದ್ದಳು. ಬಿಸಿ ಹೆಚ್ಚಾತು, ಕಿವ್ಯಾಗ ನೀರು ಹೋತು, ಮೆಲ್ಲಗ ತಿಕ್ಕು, ನಿನ್ನ ಕೈ ಏನ್ ಕರಗಸ ಐತಬೇ... ಬಾಣಂತನ ಮುಗಿಯುವವರೆಗೂ ದಿನಾ ಬಚ್ಚಲ ಬಾಗಿಲು ಹಾಕಿಕೊಂಡು ಹೀಗೇ ನಡೆಯಿತು. ಊರಿಗೆ, ಬೀಗತಿಗೆ ಆಕೆಯೇ ಎರೆದಳೆಂದಾಯಿತು. ನಾನು ಯಾರಿಗೂ ಹೇಳಲಿಲ್ಲ. ಯಾರೂ ಕೇಳಲಿಲ್ಲ.

ಕೂಸು ಲಿಂಗಸುಗೂರಿಗೆ ಹೋಯಿತು, ಗೌಡಶಾನಿ ಕುರ್ಚಿಗೆ ಹೋದಳು. ಮರುದಿನದಿಂದಲೇ ನಡೆಯುವುದು ಬಂದ್. ಬಾಣಂತಿಗೆಂದು ಕಟ್ಟಿದ ಅಂಟಿನುಂಡಿ ಡಬ್ಬಿಯಲ್ಲಿ ಉಳಿದಿದ್ದವು, ಅವೂ ಉಳಿಯಲಿಲ್ಲ. ನಾನು ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತು “ಬರ್ತೀರೇನ್ರಿ?” ಎಂದರೆ, “ಇನ್ಯಾಕಬೇ, ನನ್ನ ಕೆಲಸ ಆತು” ಎನ್ನುತ್ತಿದ್ದಳು. ತನಗಾಗಿ ನಡೆಯುವುದು ಆಕೆಗೆ ಗೊತ್ತೇ ಇರಲಿಲ್ಲ. ‘ಪ್ರೋಟೀನ್, ಪ್ರೋಟೀನ್’ ಎಂದು ಸಾಯುವವರೆಗೂ ಹೇಳುತ್ತಿದ್ದಳು. ಅಷ್ಟೆಲ್ಲ ಗೊತ್ತಿದ್ದೂ ಆಕೆ ಮಾಡಿದ್ದು ಒಂದೇ, ಎರಡನೆಯ ಸಲ ಬಡಿಸಿಕೊಂಡದ್ದು. ಸಕ್ಕರೆ ಏರಿತು. ಕಾಲ್ಬೆರಳಿನ ಗಾಯ ಮಾಯಲಿಲ್ಲ. ಬೆರಳು ತೆಗೆದರು. ಆಮೇಲೆ ಒಂದು ದಿನ ಸಿಂಧನೂರಿನ ಆಸ್ಪತ್ರೆಯಿಂದ ಗಾಡಿಯಲ್ಲಿ ಮಲಗಿಸಿ ತಂದರು.

ಅವರ ಮಂದಿಯಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಕಾಲು ಮಡಚಿ, ಚಕ್ಕಳಮಕ್ಕಳ ಹಾಕಿಸಿ, ಗೋಡೆಗೆ ಕೂರಿಸಿ ಪೂಜೆ ಮಾಡುತ್ತಾರೆ. ಕೂತಂತೆಯೇ ಮಣ್ಣು ಮಾಡುತ್ತಾರೆ. ಗೌಡಶಾನಿಯ ಕಾಲು ಮಡಚಲಿಲ್ಲ. ಬರುವಷ್ಟರಲ್ಲಿ ಮೈ ಸೆಟೆದಿತ್ತು. ಗಂಡಸರು ಮೊಣಕಾಲಿನ ಮೇಲೆ ಕೈಯೂರಿ ಒತ್ತುತ್ತಿದ್ದರು. “ಮುರೀತೈತಿ, ಮೆಲ್ಲಗ” ಎಂದು ಒಬ್ಬ, “ಇನ್ನಾ ಜೋರಾಗಿ ಒತ್ತು” ಎಂದು ಇನ್ನೊಬ್ಬ. ಗೌಡರು ಕಂಬ ಹಿಡಿದುಕೊಂಡು ನಿಂತಿದ್ದರು. ನನ್ನನ್ನು ಕಂಡು, “ಆಕಿನ ಕರೀರಿ, ಆಕಿಗೆ ಗೊತ್ತು” ಎಂದರು.

ಎಲ್ಲರನ್ನೂ ಹೊರಗೆ ಕಳಿಸಿದೆ. ಎಣ್ಣೆ ಬಿಸಿ ಮಾಡಿ ತಂದು ಮೊಣಕಾಲಿಗೆ ಹಚ್ಚಿ ತಿಕ್ಕಿದೆ. ಬಹಳ ಹೊತ್ತು ತಿಕ್ಕಿದೆ. ತಣ್ಣಗಿತ್ತು, ಮೆತ್ತಗೂ ಇರಲಿಲ್ಲ. ಬಾಯಿಗೆ ಬಂದಂತೆ ಬೈಯುತ್ತಲೇ ತಿಕ್ಕಿದೆ. ಜೀವವಿದ್ದಾಗ ಆಕೆ ಮರುಮಾತು ಕೊಡುತ್ತಿದ್ದಳು... ಒಂದು ಮಡಚಿತು. ಆಮೇಲೆ ಇನ್ನೊಂದೂ ಮಡಚಿತು.

ಬೀಗತಿ ಲಿಂಗಸುಗೂರಿನಿಂದ ಬಂದಳು. ವಿಭೂತಿ ಹಚ್ಚಿಸಿಕೊಂಡು, ಹೂವಿನ ನಡುವೆ ಕೂತ ಗೌಡಶಾನಿಯನ್ನು ನೋಡಿ ಸೆರಗಿನಿಂದ ಕಣ್ಣೊರೆಸಿದಳು.

“ಎಷ್ಟ ಛಂದ ಕುಂತಾರ ನೋಡ್ರಿ, ಪುಣ್ಯವಂತಿ” ಎಂದಳು.

ಸತ್ತ ಮೇಲೆ ಎಲ್ಲರೂ ಚೆಂದ ಕೂರುತ್ತಾರೆ. ನನ್ನ ಬೆರಳುಗಳಲ್ಲಿ ಎಣ್ಣೆ ಇನ್ನೂ ಆರಿರಲಿಲ್ಲ. ನಾನು ಕೊಟ್ಟಿಗೆಗೆ ಹೋದೆ.

ಈಗ ನನಗೂ ಕೆಲಸವಿಲ್ಲ. ಕೂಸುಗಳನ್ನು ಪ್ಲಾಸ್ಟಿಕ್ ಟಬ್ಬಿನಲ್ಲಿ ತೊಳೆಯುತ್ತಾರೆ, ಕಾಲು ಯಾರಿಗೂ ಬೇಡ. ರೇಷನ್ ಅಕ್ಕಿಯ ಅನ್ನ ಉಣ್ಣುತ್ತೇನೆ, ರಕ್ತದ ಗುಳಿಗೆ ಕೊಟ್ಟರೆ ನುಂಗುತ್ತೇನೆ. ಈ ಚಳಿಗಾಲದಿಂದ ನನ್ನ ಮೊಣಕಾಲೂ ಹಿಡಿದಿದೆ. ಕೊಬ್ಬಿಲ್ಲದ ಮೊಣಕಾಲು, ಆದರೂ ಹಿಡಿದಿದೆ. ಕೆಳಗೆ ಕೂತರೆ ಗೋಡೆ ಹಿಡಿಯದೆ ಏಳಲಾಗುವುದಿಲ್ಲ. ನಿನ್ನೆ ಹಾಗೆ ಏಳುವಾಗ ಅರ್ಧಕ್ಕೇ ನಿಂತುಬಿಟ್ಟೆ. ಆಕೆ ಇದ್ದಿದ್ದರೆ ಕುರ್ಚಿಯ ಮೇಲೆ ಕೂತು, ಹೊಟ್ಟೆ ಕುಲುಕಿಸಿಕೊಂಡು ನಕ್ಕು, ಈ ನೋವಿಗೆ ಏನು ತಿನ್ನಬೇಕೆಂದು ಉದ್ದಕ್ಕೆ ಹೇಳುತ್ತಿದ್ದಳು. ಒಂದು ಮಾತೂ ಉಪಯೋಗಕ್ಕೆ ಬರುತ್ತಿರಲಿಲ್ಲ. ಅರ್ಧ ಎದ್ದವಳು ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ. ಯಾರೂ ನಗಲಿಲ್ಲ.